ಪನಾಸ್ ಅಜ್ಜನ ಕುದುರೆ

ನಮ್ಮ ವೆರ್ಬಿವ್ಕಾದ ಚೌಕದಲ್ಲಿ ಕುದುರೆ ಏರಿ ನಿಂತಿರುವ ಕಂಚಿನ ಹೆತ್ಮನ್ ಬೊಗ್ದಾನ್ ಉಳಿದವರಿಗೆ ಕಸಾಕರೆಂಬ ಹಳೆಯ ಕಾಲದ ಕುದುರೆಯೋಧರ ದಂಡನಾಯಕ. ಪನಾಸ್ ಅಜ್ಜನಿಗೆ ಮಾತ್ರ ಅದು ತಮ್ಮ ಕುದುರೆ ಲಾಸ್ಕಾಳ ಪ್ರತಿಮೆ. ಸೋವಿಯತ್ ಕಾಲದಲ್ಲಿ ಅವರು ಊರಿನ ಸಾಮೂಹಿಕ ಜಮೀನಿನ ಲಾಯ ನೋಡಿಕೊಳ್ಳುತ್ತಿದ್ದರು. ಕೀವ್‌ನಿಂದ ಬಂದ ಶಿಲ್ಪಿ ಮಾದರಿಗೆಂದು ಲಾಸ್ಕಾಳನ್ನು ಆರಿಸಿದಾಗ, ತಿಂಗಳುಗಟ್ಟಲೆ ಅವಳ ಕಡಿವಾಣ ಹಿಡಿದು ನಿಂತವರು ಇವರೇ. ಹೆಣ್ಣು ಕುದುರೆ ಕಂಚಿನಲ್ಲಿ ಗಂಡಾದ ಕತೆ ಹೇಳಿ ಅವರು ನಗದ ದಿನವಿರಲಿಲ್ಲ.

ವಯಸ್ಸಾದ ಮೇಲೆ ದಿನವೂ ಚೌಕದ ಬೆಂಚಿನಲ್ಲಿ ಕೂತು ಸೂರ್ಯಕಾಂತಿ ಬೀಜ ತಿನ್ನುತ್ತಿದ್ದರು. ಪಕ್ಕದಲ್ಲಿ ಗೆಳತಿ ಎಸ್ಫೀರಾ; ಔಷಧದಂಗಡಿಯಲ್ಲಿ ದುಡಿದು ನಿವೃತ್ತರಾದವರು, ಊರಿನಲ್ಲಿ ಉಳಿದಿದ್ದ ಕೊನೆಯ ಯಹೂದಿ. ಅವರು ಪ್ರತಿಮೆಗೆ ಬೆನ್ನು ಹಾಕಿಯೇ ಕೂರುತ್ತಿದ್ದರು.

“ನಿನ್ ಕುದುರೆ ಮೇಲೆ ನಂಗೇನೂ ಸಿಟ್ಟಿಲ್ಲ ಕಣೋ,” ಎಂದರು ಒಮ್ಮೆ. “ಮೇಲೆ ಕೂತಿದಾನಲ್ಲ, ಅವನ ದಂಡು ಈ ಊರಲ್ಲಿ ನಮ್ಮೋರನ್ನ ಒಬ್ಬರನ್ನೂ ಉಳಿಸ್ಲಿಲ್ಲ.”

“ಅದಾಗಿ ಮುನ್ನೂರೆಪ್ಪತ್ತು ವರ್ಷ ಆಯ್ತಲ್ಲೇ!”

“ಆಗ್ಲಿ. ಅವನಿಗೆ ಕಂಚು ಸಿಕ್ತು. ನಮ್ಮ ಸ್ಮಶಾನದಲ್ಲಿ ಒಂದು ಕಲ್ಲಾದ್ರೂ ಉಳಿದಿದ್ಯಾ?”

ಅಜ್ಜ ಬೀಜ ತಿನ್ನುವುದನ್ನು ನಿಲ್ಲಿಸಿದರು.

ಮಾಸ್ಕೋ ನಮ್ಮ ಮೇಲೆ ಹೂಡಿದ ಯುದ್ಧದ ಎರಡನೆಯ ವರ್ಷ ಪ್ರತಿಮೆ ಇಳಿಸುವ ಮಾತೆದ್ದು ಊರಸಭೆ ಸೇರಿತು.

“ನಮ್ಮನ್ನ ಮಾಸ್ಕೋಗೆ ಕಟ್ಟಿಕೊಟ್ಟೋನು ಇವ್ನೇ!” ಎಂದು ಕೆಲವರು ಕೂಗಿದರು.

“ಪೋಲಿಷ್ ಧಣಿಗಳ ಕಾಲಡಿಯಿಂದ ಎಬ್ಬಿಸಿದ್ದೂ ಇವ್ನೇ ಅಲ್ವಾ?” ಎಂದರು ಇನ್ನು ಕೆಲವರು.

ಪನಾಸ್ ಅಜ್ಜ ಎದ್ದರು. “ಸವಾರನ್ನ ಬೇಕಾದ್ರೆ ಇಳಿಸ್ಕೊಳ್ಳಿ. ನನ್ ಲಾಸ್ಕಾನ ಮುಟ್ಟಬೇಡಿ.”

ಸಭೆಯೆಲ್ಲ ನಕ್ಕಿತು. ನಗು ನಿಂತರೂ ಅವರು ಕೂರಲಿಲ್ಲ.

“ಇನ್ನೊಂದು ಮಾತಿದೆ. ಲಾಯದ ನೆಲಕ್ಕೆ ಹಾಸಿರೋದು ಯಹೂದಿಗಳ ಗೋರಿಕಲ್ಲು. ಜರ್ಮನ್ನರು ಇದ್ದಾಗ ಹಾಸಿದ್ದು. ಅಕ್ಷರ ಕಾಣ್ತಿತ್ತು. ಮೂವತ್ತು ವರ್ಷ ಅದ್ರ ಮೇಲೆ ಲದ್ದಿ ಬಾಚಿದೀನಿ. ಯಾರಿಗೂ ಹೇಳ್ಲಿಲ್ಲ.”

ಎಸ್ಫೀರಾ ಕೋಟು ಎತ್ತಿಕೊಂಡು ಹೊರಟುಹೋದರು.

ಮರುದಿನ ಅಜ್ಜ ಹಾರೆ ಹಿಡಿದು ಪಾಳು ಲಾಯಕ್ಕೆ ಹೋದರು. ಎಂಬತ್ತೊಂದು ವರ್ಷದ ಮುದುಕ ಒಬ್ಬರೇ ಕಲ್ಲು ಮೀಟುವುದನ್ನು ನೋಡಲಾರದೆ ನಾವು ಏಳೆಂಟು ಜನ ಕೈಜೋಡಿಸಿದೆವು. ನಾಲ್ಕನೆಯ ದಿನ ಎಸ್ಫೀರಾ ಬಂದರು. ಯಾರನ್ನೂ ಮಾತಾಡಿಸದೆ ಮೊಣಕಾಲೂರಿ ಒಂದು ಕಲ್ಲಿನ ಮಣ್ಣು ಒರೆಸಿ, ಬೆರಳಿಟ್ಟು ಓದಿದರು.

“ಹೆಂಗಸಿನ ಕಲ್ಲು ಇದು. ಗಿತ್ಲ್ ಅಂತ ಹೆಸರು.”

ಹತ್ತೊಂಬತ್ತು ಕಲ್ಲುಗಳು ಸಿಕ್ಕವು. ಅವನ್ನು ದಿಬ್ಬದ ಮೇಲಿನ ಹಳೆಯ ಸ್ಮಶಾನಕ್ಕೆ ಸಾಗಿಸಿ ನಿಲ್ಲಿಸಿದೆವು. ಅತ್ತ ಪ್ರತಿಮೆಯ ಪೀಠದಿಂದ ಮಾಸ್ಕೋ ಸ್ನೇಹವನ್ನು ಹೊಗಳುವ ಫಲಕ ಹೋಯಿತು, ಹೆತ್ಮನ್ ಉಳಿದ. ಅವನ ಕುರಿತ ಜಗಳ ಇವತ್ತಿಗೂ ಮುಗಿದಿಲ್ಲ.

ಕೊನೆಯ ಕಲ್ಲು ನಿಲ್ಲಿಸಿದ ಸಂಜೆ ಎಸ್ಫೀರಾ ಫ್ಲಾಸ್ಕಿನಿಂದ ಅಜ್ಜನಿಗೆ ಚಹಾ ಬಗ್ಗಿಸಿಕೊಟ್ಟರು.

“ಮೊದ್ಲೇ ಯಾಕೆ ಹೇಳ್ಲಿಲ್ವೋ?”

“ನನ್ ಪಕ್ಕ ಕೂರೋದು ಬಿಟ್ಬಿಡ್ತೀಯೇನೋ ಅಂತ ಭಯ.”

“ಬಿಡ್ತಿದ್ದೆ,” ಎಂದರು ಎಸ್ಫೀರಾ. “ಕುಡಿ, ಆರಿಹೋಗತ್ತೆ.”