ಆಮೆ ಮರಿಗೆ ನನ್ನ ಎಂಜಲು

ಬಸವನಗುಡಿಯ ಒಂದು ಕಾಲೇಜಿನ ಲ್ಯಾಬಿನಲ್ಲಿ ಗಾಜು ತೊಳೆಯೋದು ನನ್ನ ಕೆಲಸ. ಮೊಮ್ಮಕ್ಕಳನ್ನ ಕಂಡಾಯ್ತು, ಆದರೂ ಬಿಟ್ಟಿಲ್ಲ. ಮನೆಯಲ್ಲಿದ್ದರೆ ಗೋಡೆ ಜೊತೆ ಮಾತಾಡಬೇಕು. ಇಲ್ಲಿ ನಲ್ಲಿ ಜೊತೆ, ಅಷ್ಟೇ ವ್ಯತ್ಯಾಸ.

ಹೋದ ವರ್ಷ ಸಂಶೋಧನೆ ಮಾಡೋ ಹುಡುಗಿ ಒಬ್ಬಳು ಬಂದಳು. ಮೊಟ್ಟೆಯೊಳಗೇ ಸತ್ತ ಕಡಲಾಮೆ ಮರಿ ತಂದಿದ್ದಳು. ಅದರ ಕಿಡ್ನಿಯನ್ನೂ, ಕಿಡ್ನಿಗೆ ಅಂಟಿಕೊಂಡೇ ಬೆಳೆಯೋ ಅಂಡಾಶಯವನ್ನೂ ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು ಗಾಜಿಗೆ ಅಂಟಿಸೋಳು. ಬಣ್ಣ ಹಾಕಿದರೆ ಸಕ್ಕರೆ, ಪಿಷ್ಟದಂಥದ್ದು ಇರೋ ಕಡೆಯೆಲ್ಲ ಗುಲಾಬಿ ಆಗುತ್ತೆ.

ಒಂದು ಮಧ್ಯಾಹ್ನ ಬಂದು, "ಅಜ್ಜಿ, ನಿಮ್ಮ ಎಂಜಲು ಬೇಕಿತ್ತು," ಅಂದಳು.

"ತಲೆ ನೆಟ್ಟಗಿದೆಯೇನೇ?"

"ಎಂಜಲು ಪಿಷ್ಟ ಕರಗಿಸುತ್ತೆ ಅಜ್ಜಿ. ಗಾಜಿನ ಮೇಲೆ ಬಿಟ್ಟು, ಆಮೇಲೆ ಬಣ್ಣ ಹಾಕ್ತೀನಿ. ಗುಲಾಬಿ ಬರದಿದ್ರೆ ಅಲ್ಲಿದ್ದದ್ದು ಪ್ರಾಣಿ ಮೈಯಲ್ಲಿರೋ ಥರದ ಪಿಷ್ಟ. ಬಂದ್ರೆ ಬೇರೆ ಏನೋ. ನನ್ನ ಬಾಯಲ್ಲಿ ಹುಣ್ಣು, ರಕ್ತ ಬರ್ತಿದೆ. ನೀವು ಬಾಯಿ ಮುಕ್ಕಳಿಸಿ ಕೊಡಿ."

ಚಿಕ್ಕವಳಿದ್ದಾಗ ಚಾಮರಾಜಪೇಟೆಯ ಮನೆಗಳಲ್ಲಿ ಹಿತ್ತಲು ಗುಡಿಸ್ತಿದ್ದೆ. ನನ್ನ ಕಾಫಿ ಲೋಟ ಕಾಂಪೌಂಡ್ ಗೋಡೆ ಮೇಲೆ ಬೇರೆ ಇರ್ತಿತ್ತು, ನಾನೇ ತೊಳೆದು ಕವುಚಬೇಕು. ನನ್ನ ಎಂಜಲನ್ನ ಕೇಳಿ ಪಡೆದವಳು ಇವಳೊಬ್ಬಳೇ.

ಮುಕ್ಕಳಿಸಿದೆ. ಬಾಯಿ ಒಣಗಿತ್ತು, ವಯಸ್ಸು. ಎರಡೇ ಹನಿ ಕೊಟ್ಟರೆ ಇನ್ನೊಬ್ಬರ ಹತ್ತಿರ ಹೋಗ್ತಾಳೆ. ಊಟದ ಡಬ್ಬಿಯಲ್ಲಿದ್ದ ನಿಂಬೆ ಉಪ್ಪಿನಕಾಯಿ ಹೋಳು ಚೀಪಿದೆ, ನೀರೂರಿತು. ಬೇಕಾದಷ್ಟು ಕೊಟ್ಟೆ. ಉಪ್ಪಿನಕಾಯಿ ವಿಷಯ ಹೇಳಲಿಲ್ಲ.

ಸಂಜೆ ಅವಳು ಸೂಕ್ಷ್ಮದರ್ಶಕದ ಮೇಲೆ ಬಗ್ಗಿಕೊಂಡೇ, "ಅಜ್ಜಿ, ಕಿಡ್ನಿಯಲ್ಲಿ ಗುಲಾಬಿ ಹಾಗೇ ಇದೆ. ಪಿಷ್ಟ ಅಲ್ಲವೇ ಅಲ್ಲ," ಅಂತ ಬರೆದುಕೊಳ್ಳತೊಡಗಿದಳು. ನನ್ನ ಕೈಯಲ್ಲಿ ಬೀಕರು. ಉಪ್ಪಿನಕಾಯಿ ಹುಳಿ ಏನಾದರೂ ಕೆಡಿಸಿತೋ ಏನೋ. ಹೇಳಿದರೆ ಇನ್ನು ಮಾತಾಡಿಸಲ್ಲ. ಹೇಳದಿದ್ದರೆ ಅವಳು ಸುಳ್ಳು ಬರೀತಾಳೆ, ನನ್ನಿಂದ.

"ಉಪ್ಪಿನಕಾಯಿ ಚೀಪಿದ್ದೆ ಕಣೇ."

ಪೆನ್ನು ನಿಂತಿತು. "ಹುಳಿ ಸೇರಿದ್ರೆ ಎಂಜಲು ಕೆಲಸ ಮಾಡಲ್ಲ ಅಜ್ಜಿ! ಕೊಯ್ದದ್ದು ಇನ್ನು ಎರಡೇ ಚೂರು ಉಳಿದಿರೋದು." ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ವಾರ ಕಳೆದು ಅವಳ ಬಾಯಿ ಹುಣ್ಣು ಮಾಯಿತು, ತನ್ನ ಎಂಜಲನ್ನೇ ಹಾಕಿ ನೋಡಿದಳು. ಕಿಡ್ನಿಯ ಗುಲಾಬಿ ಅಳಿಸಿಹೋಯ್ತು. ಪಕ್ಕದ ಅಂಡಾಶಯದಲ್ಲಿ ಒಂದು ಗೆರೆಯಷ್ಟು ಉಳಿಯಿತು. ನನ್ನನ್ನೂ ಕರೆದು ತೋರಿಸಿದಳು. "ಇನ್ಮೇಲೆ ನನ್ನದೇ ಸಾಕು ಅಜ್ಜಿ, ನಿಮಗೆ ತೊಂದ್ರೆ ಬೇಡ."

ತೊಂದರೆಯಂತೆ. ಹೂಂ ಅಂದು ಬೀಕರು ತೊಳೆಯೋಕೆ ಹೋದೆ.

ಡಬ್ಬಿಗೆ ಈಗ ಉಪ್ಪಿನಕಾಯಿ ಹಾಕ್ಕೊಳ್ಳಲ್ಲ. ಅವಳು ಮತ್ತೆ ಕೇಳಿಲ್ಲ.