ಸಾಕು ಅನ್ನದ ಕಂಬ

ಅಗಸೆ ಎಣ್ಣೆಯನ್ನು ಕುದಿಸಬಾರದು, ಬೆಚ್ಚಗೆ ಮಾಡಬೇಕು. ಬಿಸಿನೀರಿನ ಪಾತ್ರೆಯೊಳಗೆ ಎಣ್ಣೆಯ ತಂಬಿಗೆ ಇಟ್ಟು, ಅದಕ್ಕೆ ಅಡಿಕೆಯಷ್ಟು ಜೇನುಮೇಣ ಹಾಕಿ ಕರಗಿಸಬೇಕು. ಒಲೆಯಿಂದ ಇಳಿಸಿದ ಮೇಲೆ, ತುಪ್ಪ ಹೆಪ್ಪುಗಟ್ಟುವ ಹಾಗೆ ಗಟ್ಟಿಯಾಗುವ ತನಕ ತಿರುವುತ್ತ ಇರಬೇಕು. ಕಟ್ಟಿಗೆಗೆ ಹಚ್ಚುವ ಈ ಪಾಲಿಶ್ ನನಗೆ ಕಲಿಸಿದವರು ನನ್ನ ಅತ್ತೆ. ನನ್ನ ಕನ್ನಡ ತಿದ್ದಿದವರೂ ಅವರೇ. ನಾನು ಹುಟ್ಟಿ ಬೆಳೆದದ್ದು ಮುಂಬಯಿಯ ಆಂಟಾಪ್ ಹಿಲ್‌ನಲ್ಲಿ. ಮದುವೆಯಾಗಿ ಕುರ್ಲಾದ ಚಾಳಿನ ನಡುಮಾಳಿಗೆಯ ಕೋಣೆಗೆ ಬಂದಾಗ ನನ್ನ ಮಾತಿನಲ್ಲಿ ಅರ್ಧ ಮರಾಠಿ ಇತ್ತು. ಅತ್ತೆ ಧಾರವಾಡದ ಕಡೆಯವರು. ಊರಿನಿಂದ ಯಾರೇ ಬರಲಿ, ಒಂದು ಬಾಟಲಿ ಅಗಸೆ ಎಣ್ಣೆ ತರದಿದ್ದರೆ ಅವರಿಗೆ ಎರಡನೇ ಸಲ ಚಹಾ ಸಿಗುತ್ತಿರಲಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ನನಗೆ ಏಳು ತಿಂಗಳು ತುಂಬಿ ಕುಬಸದ ದಿನ ಗೊತ್ತಾಗಿತ್ತು. ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ, ಹಸಿರು ಬಳೆ ತಂದು ಆರತಿ ಮಾಡುವ ಹಬ್ಬ ಅದು. ನನ್ನನ್ನು ಕೂರಿಸಲು ಮಾವನವರ ಕಾಲದ ತೋಳಿನ ಕುರ್ಚಿಯನ್ನು ಅತ್ತೆ ಕೋಣೆಯ ಮುಂದಿನ ಗ್ಯಾಲರಿಗೆ ಎಳೆದು ತಂದರು. ಹಳೆಯ ಸೀರೆಯ ತುಂಡು ಕೈಗೆ ಕೊಟ್ಟು ಮೊದಲು ಬರೀ ಎಣ್ಣೆ ಒರೆಸಲು ಹೇಳಿದರು.

"ಸಾಗವಾನಿ ಕಟ್ಟಿಗಿ ಮೊದಲನೇ ಸಲ ಗಟಗಟ ಕುಡೀತದ. ಎರಡನೇ ಸಲ ನಾಚಿಗೋಂತ ಕುಡೀತದ. ಮೂರನೇ ಸಲಕ್ಕ ಸಾಕು ಅಂತದ. ಸಾಕು ಅಂದಮ್ಯಾಲ ಮೇಣ ಹಚ್ಚಬೇಕು, ತಿಳೀತಿಲ್ಲೊ?"

ಕುರ್ಚಿ ಮೂರನೇ ಸಲಕ್ಕೆ ಸಾಕು ಅಂದಿತು. ಕೈಬೆರಳು ಕಾಣುವಷ್ಟು ಹೊಳೆಯಿತು. ಉಳಿದ ಎಣ್ಣೆಯನ್ನು ಚೆಲ್ಲುವವರ ಪೈಕಿ ಅಲ್ಲ ನಮ್ಮ ಅತ್ತೆ. ಕೋಣೆಯೊಳಗೆ ಪಾತ್ರೆ ತೊಳೆಯುವ ಮೋರಿಯ ಪಕ್ಕ ತೊಲೆ ಹೊತ್ತು ನಿಂತ ಸಾಗವಾನಿಯ ಕಂಬ ಇತ್ತು. ಕುಬಸದ ತೋರಣ ಕಟ್ಟುವುದು ಅದಕ್ಕೇ ಎಂದು ಅದನ್ನೂ ಒರೆಸಿದರು. ಎದೆಮಟ್ಟದಿಂದ ಮೇಲಕ್ಕೆ ಕಂಬ ಚೆನ್ನಾಗಿ ಮಿಂಚಿತು. ಮೊಣಕಾಲಿನ ಕೆಳಗೆ ಹಚ್ಚಿದ್ದೆಲ್ಲ ಮಾಯ. ಮರುದಿನ ಹಚ್ಚಿದರು, ಮಾಯ. ಮೂರನೇ ದಿನ ಹಟಕ್ಕೆ ಬಿದ್ದು ಒಂದು ಬಿರುಕಿಗೆ ತಂಬಿಗೆಯಿಂದಲೇ ಸುರಿದರು. ಅದೂ ಒಳಗೆ ಹೋಯಿತು.

ಫೋರ್ಟ್‌ನ ಆಫೀಸಿಗೆ ಹೊರಟಿದ್ದ ನನ್ನವರು ನಕ್ಕರು. "ಅವ್ವಾ, ಅದು ಕಂಬ. ನಿನ್ನ ಸೊಸಿ ಅಲ್ಲ. ಎಷ್ಟು ಉಣಸ್ತೀ ಅದಕ್ಕ?"

"ಸೊಸಿ ಸಾಕು ಅಂತಾಳಪ್ಪಾ. ಇದು ಸಾಕು ಅನ್ನವಲ್ದು," ಎಂದರು ಅತ್ತೆ. ಅವರು ನಗಲಿಲ್ಲ.

ಅಂದು ಮಧ್ಯಾಹ್ನ ಕೆಳಗಿನ ಕೋಣೆಯ ವಿಜಾಪುರದ ಹೆಂಗಸು ಹಿಟ್ಟಿನ ಡಬ್ಬಿಯ ಮುಚ್ಚಳ ಹಿಡಿದುಕೊಂಡು ಮೇಲೆ ಬಂದಳು. ಮುಚ್ಚಳದ ಮೇಲೆ ಹಳದಿ ಎಣ್ಣೆ.

"ಕಾಕು, ನಿಮ್ಮ ಸೊಸಿ ಹಡಿಯೂದಕ್ಕ ಇನ್ನೂ ಎರಡು ತಿಂಗಳದ. ಈಗಾ ಎಣ್ಣಿ-ನೀರು ಸುರು ಮಾಡೀರೇನು? ನಮ್ಮ ಡಬ್ಬಿಗೂ ಬಾಣಂತನ ಆತು."

ಅತ್ತೆ ಬೆರಳಿನಿಂದ ಮುಟ್ಟಿ ಮೂಸಿದರು. ಅಗಸೆ ಎಣ್ಣೆಯೇ. "ಎಲ್ಲಿಂದ ತೊಟ್ಟಿಕ್ಕತದವ್ವಾ?"

"ಅದ ಕಂಬದಾಗಿಂದ ರೀ. ಮ್ಯಾಲಿಂದ ಕೆಳಗಿನ ತನಕ ಒಂದ ಕಂಬ ಅಲ್ಲೇನು ನಮ್ದು ನಿಮ್ದು?"

ಅವಳು ಹೋದ ಮೇಲೆ ಅತ್ತೆ ನೆಲಕ್ಕೆ ಕೂತು ಬೆರಳಗೆಣ್ಣಿನಿಂದ ಕಂಬ ತಟ್ಟಿದರು. ಮೇಲೆ ಕಲ್ಲಿನ ಸದ್ದು. ಕೆಳಗೆ ಒಣಗಿದ ಸೋರೆಬುರುಡೆಯ ಸದ್ದು. ಮೋರಿಯ ನೀರು ಎಷ್ಟು ವರ್ಷ ಅದರ ಬುಡ ತಿಂದಿತ್ತೋ. ಅದರ ತಲೆಯ ಮೇಲೆ ತೊಲೆ, ತೊಲೆಯ ಮೇಲೆ ಇನ್ನೊಂದು ಮಾಳಿಗೆ. ಕುಬಸದ ದಿನ ಈ ಕೋಣೆಯಲ್ಲಿ ಕೂರುವವರು ಮೂವತ್ತು ಜನ ಹೆಂಗಸರು.

ಮಾಲೀಕನ ಮನುಷ್ಯನಿಗೆ ಹೇಳಿ ಕಳಿಸಿದೆವು. ಅವನು ಹೊಸ್ತಿಲಾಚೆ ನಿಂತೇ ನೋಡಿ, "ಬಾರಿಶ್ ಕೆ ಬಾದ್ ದೇಖೇಂಗೆ," ಮಳೆಗಾಲ ಮುಗಿಯಲಿ, ನೋಡೋಣ ಎಂದು ಹೋದ. ಮಳೆ ಇನ್ನೂ ಶುರುವೇ ಆಗಿರಲಿಲ್ಲ. ದಿನವೂ ಸಂಜೆ ಆಕಾಶ ಕಪ್ಪಗಾಗಿ, ಹನಿಯದೆ ಹಾಗೇ ನಿಲ್ಲುತ್ತಿತ್ತು. ಆ ದಿನಗಳಲ್ಲಿ ಪಕ್ಕದ ಹಳಿಯ ಮೇಲೆ ಲೋಕಲ್ ರೈಲು ಹೋದಾಗಲೆಲ್ಲ ಕಪಾಟಿನ ಗ್ಲಾಸುಗಳು ಕಿಣಿಕಿಣಿ ಅನ್ನುವುದು ನನಗೆ ಕೇಳತೊಡಗಿತು. ಮೊದಲೂ ಅನ್ನುತ್ತಿದ್ದವೋ ಏನೋ. ಅತ್ತೆ ನನ್ನ ಹಾಸಿಗೆಯನ್ನು ಬಾಗಿಲ ಹತ್ತಿರಕ್ಕೆ ಸರಿಸಿದರು.

"ಎಲ್ಲಾರಿಗೂ ಹೇಳೂಣೇನ್ರಿ?" ಎಂದೆ.

"ಗಂಡಸರು ನಗತಾರ. ಹೆಂಗಸರು ಅಂಜತಾರ. ತುಂಬಿದ ಮನಿಯಾಗ ಅಂಜಿ ಒಮ್ಮೆಲೆ ಎದ್ದು ಓಡಿದ್ರ ಆ ಮೆಟ್ಟಲಾ ತಡೀತಾವೇನು? ನೀ ಏನೂ ಕೇಳಿಲ್ಲ, ಹೌದಿಲ್ಲೊ?"

ಮರುದಿನ ಅವರು ಒಂದು ಪದ್ಧತಿ ಹುಟ್ಟಿಸಿದರು. ನಮ್ಮ ಮನೆತನದಲ್ಲಿ ಚೊಚ್ಚಲ ಬಸುರಿನ ಕುಬಸ ಮಾಳಿಗೆಯ ಕೆಳಗೆ ಆಗಕೂಡದು, ಮರದ ಬುಡದಲ್ಲೇ ಆಗಬೇಕು. ಚಾಳಿನ ಅಂಗಳದ ಆಚೆ ಕೊನೆಗೆ ಬೇವಿನ ಮರವಿತ್ತು. ಕುರ್ಚಿ ಅಲ್ಲಿಗೆ ಇಳಿಯಿತು. ಅಡುಗೆಯೂ ಅಲ್ಲೇ ಎಂದು ಕೆಳಗಿನ ಕೋಣೆಯ ಹೆಂಗಸನ್ನು ಒಲೆಯ ಸಮೇತ ಹೊರಗೆ ಕರೆದರು.

ಕುಬಸದ ದಿನ ನನ್ನ ತಾಯಿ ತಟ್ಟೆಗಳನ್ನು ಹೊರಿಸಿಕೊಂಡು ಬಂದವಳು ಮರದ ಕೆಳಗೆ ನನ್ನನ್ನು ಕಂಡು ಕೆಂಪಗಾದಳು.

"ಬೀಗತ್ಯಾರ, ನನ್ನ ಮಗಳಿಗೆ ಒಂದು ಮನಿ ಇಲ್ಲೇನು? ಹೋಗವರು ಬರವರು ನೋಡಬೇಕೇನು ಬಸರಿ ಹುಡುಗೀನ?"

"ನಮ್ಮ ಕಡೆ ಹಂಗದ ರೀ."

"ನಾವೂ ಅದೇ ಕಡೆಯವರು. ನಾವಂತೂ ಕೇಳಿಲ್ಲ."

"ಇವತ್ತು ಕೇಳಿದ್ರೆಲಾ."

ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ತಾಯಿ, ತಂದ ಹಸಿರು ಸೀರೆಯನ್ನು ದೇವರ ಮುಂದೆ ಇಡದೆ ಉಡಿಸುವುದಿಲ್ಲ ಎಂದು ಅದನ್ನು ಎದೆಗವಚಿಕೊಂಡು ಮೆಟ್ಟಿಲ ಕಡೆ ನಡೆದಳು. ಅತ್ತೆ ಆರತಿ ತಟ್ಟೆ ಕೆಳಗಿಟ್ಟು, "ಮ್ಯಾಲ ಹೋಗಬ್ಯಾಡ್ರಿ, ಸೀರಿ ಇಲ್ಲೇ ಪೂಜಿ ಮಾಡೂಣು," ಎಂದು ಹಿಂದೆಯೇ ಹೋದರು. ತಾಯಿ ಆಗಲೇ ಗ್ಯಾಲರಿಯಲ್ಲಿದ್ದಳು. ನಮ್ಮ ಬಾಗಿಲೊಳಗೆ ಮರೆಯಾದಳು.

ಅತ್ತೆ ಮೆಟ್ಟಿಲ ಬುಡದಲ್ಲಿ ನಿಂತೇ ಬಿಟ್ಟರು. ತಮ್ಮ ಭಾರವನ್ನೂ ಮೇಲೆ ಒಯ್ಯಲು ಅಂಜಿದರೆಂದು ನನಗೆ ಆಮೇಲೆ ಹೊಳೆಯಿತು. ಯಾರೋ ಹಾಡು ಎತ್ತಿದರು. ಒಂದು ಲೋಕಲ್ ಹೋಯಿತು. ನಾನು ಕುರ್ಚಿಯ ತೋಳು ಹಿಡಿದುಕೊಂಡಿದ್ದೆ. ಹೊಸ ಮೇಣ ಬೆವರಿಗೆ ಅಂಟುತ್ತಿತ್ತು.

ತಾಯಿ ಇಳಿದು ಬಂದಳು, ಒಂದೊಂದೇ ಮೆಟ್ಟಿಲು, ಗೋಡೆ ಹಿಡಿದು. ಸೀರೆ ಕೈಯಲ್ಲೇ ಇತ್ತು. ಅತ್ತೆಯನ್ನು ನನ್ನ ಕುರ್ಚಿಯ ಹಿಂದಕ್ಕೆ ಕರೆತಂದು ಕಿವಿಯ ಹತ್ತಿರ ಹೇಳಿದ್ದು ನನಗೂ ಕೇಳಿಸಿತು.

"ದೀಪದ ಎಣ್ಣಿ ಒಂದ ಬಾಜೂ ಹರದದ್ರಿ. ದೀಪದ ಸಮಯಿನೂ ವಾಲೇದ. ಬಾಗಲಾ ಹಾಕಲಿಕ್ಕೆ ಹೋದ್ರ ಮುಚ್ಚವಲ್ದು."

"ಮುಂಜಾನೆ ಮುಚ್ಚತಿತ್ತು," ಎಂದರು ಅತ್ತೆ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ನನ್ನ ತಾಯಿ ಹೆಂಗಸರ ನಡುವೆ ಬಂದು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ನನಗ ಮರತ ಹೋಗಿತ್ತು ನೋಡ್ರಿ. ನಮ್ಮ ಅಜ್ಜಿನೂ ಹಿಂಗ ಅಂತಿದ್ದಳು. ಗಿಡದ ಬುಡಕ್ಕ ಆಗಬೇಕಂತ."

ಆರತಿಯಾಯಿತು. ಊಟವೂ ಅಂಗಳದಲ್ಲೇ ಆಯಿತು.

ಬಾಗಿಲು ಮುಚ್ಚುತ್ತಿಲ್ಲ ಎಂದು ಕೇಳಿದ ನನ್ನವರು ಈ ಸಲ ನಗದೆ ಅಂದು ಸಂಜೆಯೇ ಬಡಿಗನನ್ನು ಕರೆತಂದರು. ಅವನು ಕಂಬದ ಬುಡಕ್ಕೆ ಉಳಿ ಇಟ್ಟು ಒತ್ತಿದ, ಸುತ್ತಿಗೆ ಬೇಕಾಗಲಿಲ್ಲ. ಹಿಡಿಯ ತನಕ ಇಳಿಯಿತು. ಹಿರಿದಾಗ ಬಂದದ್ದು ನಮ್ಮದೇ ಎಣ್ಣೆ ಕುಡಿದ ಒದ್ದೆ ಪುಡಿ. ಅವನು ಕಾಲು ಮೆಲ್ಲಗೆ ಎತ್ತಿಡುತ್ತ ಹೊರಗೆ ಬಂದ. ಕೆಳಗಿನವರು, ಮೇಲಿನವರು, ನಾವು, ಎಲ್ಲರೂ ಪಾತ್ರೆ ಪಗಡ ಹೊತ್ತು ಅಂಗಳಕ್ಕಿಳಿದೆವು. ನಾಲ್ಕನೇ ದಿನ ಮಳೆ ಹಿಡಿಯಿತು. ಆ ಮೂಲೆಯ ಮೂರು ಕೋಣೆಗಳು ಹಾಡಹಗಲೇ ಒಂದರ ಮೇಲೊಂದು ಕೂತವು. ಒಳಗೆ ಯಾರೂ ಇರಲಿಲ್ಲ.

ಕುರ್ಚಿ ಬೇವಿನ ಕೆಳಗೇ ಇದ್ದುದರಿಂದ ಉಳಿಯಿತು. ನನ್ನ ಮಗಳ ಕುಬಸ, ಆಮೇಲೆ ನಾದಿನಿಯ ಸೊಸೆಯಂದಿರದು, ಎಲ್ಲ ಅದೇ ಕುರ್ಚಿಯ ಮೇಲೆ, ಯಾವುದಾದರೂ ಮರದ ಬುಡದಲ್ಲೇ ನಡೆದವು. ಬಿಲ್ಡಿಂಗಿನ ಕಾಂಪೌಂಡಿನಲ್ಲಿ ಬಡ ಬಾದಾಮಿ ಗಿಡ ಒಂದಿದ್ದರೂ ಸಾಕು. ಕೇಳಿದವರಿಗೆ ಹುಡುಗಿಯರು, ನಮ್ಮ ಕಡೆ ಹಂಗ, ಅನ್ನುತ್ತಾರೆ. ನಾನು ತಿದ್ದಿಲ್ಲ. ಕುಬಸದ ಹಿಂದಿನ ದಿನ ಕುರ್ಚಿಗೆ ಎಣ್ಣೆ ಒರೆಸುವಾಗ ಮಾತ್ರ, ಮೂರನೇ ಸಲಕ್ಕೆ ಅದು ಸಾಕು ಅನ್ನುವ ತನಕ ಅದಕ್ಕೇ ಕಿವಿಗೊಟ್ಟು, ನಾನು ಯಾರ ಜೊತೆಗೂ ಮಾತಾಡುವುದಿಲ್ಲ.