ಬೀರುವಿನೊಳಗಿನ ಆನೆ

ರಾಜೀವನಗರದ ಅನಾಥಾಲಯದ ಮಕ್ಕಳಿಗೆಂದು ನಾನು ಕ್ರೋಶಾದಲ್ಲಿ ಹೆಣೆದುಕೊಟ್ಟ ಉಲ್ಲನ್ ಗೊಂಬೆಗಳು, ಆರು ತಿಂಗಳಾದ ಮೇಲೆ ಹೋದರೆ, ಆಫೀಸಿನ ಗಾಜಿನ ಬೀರುವಿನಲ್ಲಿ ಸಾಲಾಗಿ ಕೂತಿದ್ದವು. ಬೀರುವಿಗೆ ಬೀಗ ಬೇರೆ! ಅಲ್ಲೇ ಇದ್ದ ವಾರ್ಡನ್ ಅವರನ್ನು ಕೇಳಿದೆ:

"ಮಕ್ಕಳಿಗೆ ಕೊಡಲಿಲ್ವಾ ಮೇಡಂ?"

"ಕೊಟ್ರೆ ಕೊಳೆ ಮಾಡ್ಬುಡ್ತವೆ ಕಣ್ರೀ. ಎಷ್ಟು ಚೆನ್ನಾಗಿ ಹಾಕಿದೀರಾ! ಬಂದೋರಿಗೆಲ್ಲ ತೋರಿಸ್ತೀವಿ," ಎಂದರು ವಾರ್ಡನ್, ಹೆಮ್ಮೆಯಿಂದಲೇ.

ಪುಟ್ಟ ಹುಡುಗಿಯೊಬ್ಬಳು ಆ ಗಾಜನ್ನು ಒರೆಸುತ್ತಿದ್ದಳು. "ನಿಂಗೆ ಯಾವ್ದು ಇಷ್ಟ ಪುಟ್ಟಿ?" ಎಂದೆ.

"ಆನೆ. ಅದು ಮೆತ್ತಗಿರುತ್ತಾ ಆಂಟಿ?"



ಮುಂದಿನ ಸಲ ಇನ್ನೊಂದು ಆನೆ ಹೆಣೆದು, ನಮ್ಮ ಹಿತ್ತಲ ಮಣ್ಣಿನಲ್ಲಿ ಚೆನ್ನಾಗಿ ಹೊರಳಾಡಿಸಿಯೇ ತೆಗೆದುಕೊಂಡು ಹೋದೆ. ವಾರ್ಡನ್ ಅದನ್ನು ಎರಡೇ ಬೆರಳಲ್ಲಿ ಹಿಡಿದು, ಆ ಹುಡುಗಿಯನ್ನು ಕರೆದು, "ತಗೋ, ಇದನ್ನ ನೀನೇ ಇಟ್ಕೊ," ಎಂದರು.